ಬೆಲ್ಟ್ ಕೂರಬೇಕಾದ್ದು ಮೂಳೆಯ ಮೇಲೆ: ಕಾರಿನಲ್ಲಿ ಮಕ್ಕಳನ್ನು ಕೂರಿಸುವ ಕ್ರಮ

ಪ್ರಶ್ನೆ: ನಾವು ಹುಬ್ಬಳ್ಳಿಯವರು. ಮಗಳಿಗೆ 14 ತಿಂಗಳು, ತೂಕ 9.4 ಕೆ.ಜಿ., ಎತ್ತರ 75 ಸೆಂ.ಮೀ. ಮಗನಿಗೆ ಏಳು ವರ್ಷ, 21 ಕೆ.ಜಿ., 118 ಸೆಂ.ಮೀ. ನಮ್ಮದು ಹಳೆಯ ಹ್ಯಾಚ್‌ಬ್ಯಾಕ್ ಕಾರು. ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿಬರುತ್ತೇವೆ. ಮಗಳನ್ನು ನಮ್ಮ ಅತ್ತೆ ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾರೆ, ‘ನನ್ನ ಕೈಗಿಂತ ಭದ್ರ ಯಾವುದಿದೆ’ ಎನ್ನುತ್ತಾರೆ. ಮಗನಿಗೆ ಬೆಲ್ಟ್ ಕತ್ತಿಗೆ ಉಜ್ಜುತ್ತದೆ, ಅದಕ್ಕೆ ಕಂಕುಳ ಕೆಳಗೆ ಸಿಕ್ಕಿಸಿಕೊಳ್ಳುತ್ತಾನೆ. ಒಂದು ಕಾರ್ ಸೀಟ್ ನೋಡಲು ಹೋದಾಗ ಅಂಗಡಿಯವರು ‘ಒಂಬತ್ತು ಕೆ.ಜಿ. ದಾಟಿದೆ, ಮುಂದಕ್ಕೆ ಮುಖ ಮಾಡಿಯೇ ಕೂರಿಸಿ’ ಎಂದರು. ಅಮೆರಿಕದಲ್ಲಿರುವ ಅಣ್ಣ ತನ್ನ ಮಗಳ ಹಳೆಯ ಸೀಟು ತರುತ್ತೇನೆ ಎಂದಿದ್ದಾನೆ. ಯಾವುದು ಸರಿ? ಕಾನೂನು ಏನು ಹೇಳುತ್ತದೆ?

ಉತ್ತರ: ಅತ್ತೆಯವರ ಮಾತಿನಿಂದಲೇ ಶುರುಮಾಡೋಣ. ಅವರ ಅಕ್ಕರೆಯಲ್ಲಿ ಕೊರತೆಯಿಲ್ಲ, ತೋಳಿನ ಬಲ ಸಾಲದು. ಗರಡಿಮನೆಯ ಪೈಲ್ವಾನನ ತೋಳೂ ಸಾಲದು. ಗಂಟೆಗೆ 50 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಆ ವೇಗದ ಕಾರು ನಿಂತ ಲಾರಿಗೆ ಗುದ್ದಿದರೆ ಪೂರ್ತಿ ನಿಲ್ಲುವುದಕ್ಕೆ ಹಿಡಿಯುವುದು ಹೆಚ್ಚುಕಡಿಮೆ ಸೆಕೆಂಡಿನ ಹತ್ತನೇ ಒಂದು ಪಾಲು. ಅಷ್ಟರೊಳಗೆ ನಿಮ್ಮ 9.4 ಕೆ.ಜಿ. ಮಗುವನ್ನು ಹಿಡಿದು ನಿಲ್ಲಿಸಲು ಸರಾಸರಿ 130 ಕೆ.ಜಿ. ಭಾರ ಎತ್ತುವಷ್ಟು ಬಲ ಬೇಕು. ಹೊಡೆತ ತೀರಾ ಜೋರಾದ ಗಳಿಗೆಯಲ್ಲಿ ಅದರ ದುಪ್ಪಟ್ಟು. ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರನೇ ಮಹಡಿಯಿಂದ, ಬೀಳುವ ಮಗುವನ್ನು ಹಿಡಿಯುವುದೂ ಇದೂ ಒಂದೇ ಲೆಕ್ಕ. ಜೊತೆಗೆ ಅತ್ತೆಯವರೂ ಬೆಲ್ಟ್ ಹಾಕಿರದಿದ್ದರೆ ಅವರ ಮೈಭಾರವೆಲ್ಲ ಮುಂದಕ್ಕೆ ಎಸೆಯಲ್ಪಟ್ಟು, ಮಗು ಅವರಿಗೂ ಮುಂದಿನ ಸೀಟಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಇಬ್ಬರಿಗೂ ಸೇರಿಸಿ ಒಂದೇ ಬೆಲ್ಟ್ ಸುತ್ತುವ ರೂಢಿ ಕೆಲವರಲ್ಲಿದೆ. ಅದು ಇನ್ನೂ ಕೆಟ್ಟದ್ದು: ದೊಡ್ಡವರ ಭಾರವೆಲ್ಲ ಮಗುವಿನ ಹೊಟ್ಟೆಯ ಮೂಲಕವೇ ಬೆಲ್ಟಿಗೆ ಬೀಳುತ್ತದೆ.

ಕಾನೂನಿನ ಮಾತು ಚಿಕ್ಕದು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 194ಬಿ ಕಲಮು ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. 14 ವರ್ಷ ತುಂಬದ ಮಗುವಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಸೀಟಿನ ಭದ್ರತೆ ಇಲ್ಲದೆ ಕಾರು ಓಡಿಸಿದರೆ, ಓಡಿಸಲು ಬಿಟ್ಟರೆ, ಕಾಯ್ದೆಯಲ್ಲಿ ಬರೆದಿರುವ ದಂಡ 1,000 ರೂಪಾಯಿ. ದೊಡ್ಡವರು ಬೆಲ್ಟ್ ಹಾಕದಿದ್ದರೂ ಚಾಲಕರೇ ಹೊಣೆ. ಕೇಂದ್ರ ಮೋಟಾರು ವಾಹನ ನಿಯಮಗಳ 138ನೇ ನಿಯಮದ ಪ್ರಕಾರ ಮುಂದಕ್ಕೆ ಮುಖವಿರುವ ಹಿಂದಿನ ಸೀಟುಗಳಲ್ಲಿ ಕೂತವರೂ ಬೆಲ್ಟ್ ಹಾಕಲೇಬೇಕು. ಆದರೆ ಯಾವ ತೂಕಕ್ಕೆ ಯಾವ ಸೀಟು, ಯಾವ ಕಡೆಗೆ ಮುಖ ಎಂಬುದನ್ನು ಈ ಕಲಮು ಬಿಡಿಸಿ ಹೇಳುವುದಿಲ್ಲ. ಏಳು ವರ್ಷದ ಮಗ ದೊಡ್ಡವರ ಬೆಲ್ಟನ್ನು ಹೇಗೋ ಹಾಕಿಕೊಂಡಿದ್ದರೆ ದಂಡ ಬೀಳದಿರಬಹುದು, ಜೀವ ಉಳಿಯಲು ಅಷ್ಟು ಸಾಲದು.

ಉಳಿದ ನಿಯಮಗಳೆಲ್ಲ ಹುಟ್ಟಿರುವುದು ಒಂದೇ ಮಾತಿನಿಂದ. ಅಪಘಾತದ ಹೊಡೆತವನ್ನು ಗಟ್ಟಿ ಮೂಳೆ ತಾಳಬಲ್ಲದು, ಹೊಟ್ಟೆ ಮತ್ತು ಕತ್ತು ತಾಳಲಾರವು. ದೊಡ್ಡವರ ಬೆಲ್ಟು ಹೆಗಲು, ಎದೆಗೂಡು ಮತ್ತು ಸೊಂಟದ ಮೂಳೆಯನ್ನು ಹಿಡಿಯುವಂತೆ ಮಾಡಿದ್ದು. ಮಕ್ಕಳಲ್ಲಿ ಆ ಮೂಳೆಗಳು ಇನ್ನೂ ಬಲಿತಿರುವುದಿಲ್ಲ, ಇರಬೇಕಾದ ಎತ್ತರಕ್ಕೂ ಬಂದಿರುವುದಿಲ್ಲ. ಹೊಡೆತವನ್ನು ಸರಿಯಾದ ಜಾಗಕ್ಕೆ ಒಯ್ಯುವುದೇ ಕಾರ್ ಸೀಟಿನ ಕೆಲಸ.

ಈಗ ಮಗಳ ವಿಷಯ. ಹುಟ್ಟಿದ ಮಗುವಿನ ತಲೆಯೇ ಮೈಯುದ್ದದ ಕಾಲು ಭಾಗ ಇರುತ್ತದೆ. ಕತ್ತಿನ ಬೆನ್ನೆಲುಬುಗಳು ಇನ್ನೂ ಮೃದ್ವಸ್ಥಿಯಿಂದ ಬೆಸೆದ ತುಂಡುಗಳು. ಅವು ಕೂಡಿ ಗಟ್ಟಿಯಾಗಲು ಮೂರರಿಂದ ಆರು ವರ್ಷ ಬೇಕು. ಮುಂದಕ್ಕೆ ಮುಖ ಮಾಡಿ ಕೂತ ಮಗುವಿನ ಹೆಗಲನ್ನು ಪಟ್ಟಿ ಹಿಡಿದು ನಿಲ್ಲಿಸುತ್ತದೆ, ತಲೆ ಮಾತ್ರ ಮುಂದಕ್ಕೆ ಜಗ್ಗುತ್ತದೆ, ಆ ಜಗ್ಗಾಟವೆಲ್ಲ ಕತ್ತಿಗೆ. ಹಿಂದಕ್ಕೆ ಮುಖ ಮಾಡಿ ಕೂರಿಸಿದರೆ ತಲೆ, ಕತ್ತು, ಬೆನ್ನು ಮೂರೂ ಒಟ್ಟಿಗೆ ಸೀಟಿನ ಚಿಪ್ಪಿಗೆ ಒತ್ತಿಕೊಳ್ಳುತ್ತವೆ. ಹೊಡೆತ ಇಡೀ ಬೆನ್ನಿಗೆ ಹಂಚಿಹೋಗುತ್ತದೆ.

ಅಂಗಡಿಯವರು ಒಂಬತ್ತು ಕೆ.ಜಿ. ಎಂದದ್ದು ಪೂರ್ತಿ ಕಲ್ಪನೆಯಲ್ಲ. ಯುರೋಪಿನ ಹಳೆಯ ಆರ್44 ಮಾನದಂಡದಲ್ಲಿ ಮೊದಲ ಗುಂಪು 13 ಕೆ.ಜಿ.ವರೆಗೆ, ಮುಂದಿನದು 9ರಿಂದ 18 ಕೆ.ಜಿ. ಅಂದರೆ ಒಂಬತ್ತರಿಂದ ಹದಿಮೂರರ ನಡುವೆ ಎರಡೂ ಬಗೆಗೆ ಅನುಮತಿಯಿದೆ. ಒಂಬತ್ತು ತಿರುಗಿಸಲು ಬಿಡುವ ಅತಿ ಕಡಿಮೆ ತೂಕ, ಆ ದಿನವೇ ತಿರುಗಿಸಬೇಕೆಂದಲ್ಲ. ಆಮೇಲೆ ಬಂದ ಆರ್129 ಮಾನದಂಡ 15 ತಿಂಗಳು ತುಂಬುವವರೆಗೆ ಮುಂದಕ್ಕೆ ತಿರುಗಿಸಲು ಬಿಡುವುದೇ ಇಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘ, ಸೀಟಿನ ಮೇಲೆ ಬರೆದಿರುವ ತೂಕ ಅಥವಾ ಎತ್ತರದ ಮಿತಿ ಮುಟ್ಟುವವರೆಗೂ ಹಿಂದಕ್ಕೇ ಮುಖವಿರಲಿ ಎನ್ನುತ್ತದೆ. ನಿಮ್ಮ ಮಗಳನ್ನು ಖಂಡಿತ ಈಗ ತಿರುಗಿಸಬೇಡಿ. ಕಾಲು ಮಡಚಿ ಸೀಟಿನ ಬೆನ್ನಿಗೆ ತಾಗುತ್ತದೆಂದು ತುಂಬ ಜನ ಬೇಗ ತಿರುಗಿಸುತ್ತಾರೆ. ಮಕ್ಕಳಿಗೆ ಚಕ್ಕಂಬಕ್ಕಲ ಹಾಕಿ ಕೂರುವುದು ಕಷ್ಟವೇನಲ್ಲ. ಕಾಲು ಮುರಿದರೆ ಕೂಡುತ್ತದೆ, ಕತ್ತಿನ ಬೆನ್ನುಹುರಿ ಹಾಗಲ್ಲ. ಸೀಟು ಚಿಕ್ಕದಾಗಿದೆ ಎಂದು ಗೊತ್ತಾಗುವುದು ತಲೆಯಿಂದ: ನೆತ್ತಿ ಚಿಪ್ಪಿನ ಮೇಲಂಚಿನ ಹತ್ತಿರ ಬಂದರೆ ಸೀಟು ಬದಲಿಸುವ ಕಾಲ. ಎಷ್ಟು ಅಂತರ ಉಳಿದಿರಬೇಕೆಂದು ಕೈಪಿಡಿಯಲ್ಲಿರುತ್ತದೆ. ಅಮೆರಿಕದ ಸೀಟುಗಳಲ್ಲಿ ಸಾಮಾನ್ಯವಾಗಿ 2.5 ಸೆಂ.ಮೀ.

ಹೊಸದು ಕೊಳ್ಳುವುದಾದರೆ ಕಿತ್ತಳೆ ಬಣ್ಣದ ಚೀಟಿ ಹುಡುಕಿ. ಅದರಲ್ಲಿ ವೃತ್ತದೊಳಗೆ ಇಂಗ್ಲಿಷಿನ ‘ಇ’ ಅಕ್ಷರ, ಆರ್44 ಅಥವಾ ಆರ್129, ತೂಕ ಅಥವಾ ಎತ್ತರದ ವ್ಯಾಪ್ತಿ ಇರುತ್ತದೆ. ನಮ್ಮ ದೇಶದ ಮಾನದಂಡ ಎಐಎಸ್-072. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ, ಬಟ್ಟೆಯ ಕುಶನ್ನಿಗೆ ನಾಲ್ಕು ಪಟ್ಟಿ ಹೊಲಿದು ಹೆಡ್‌ರೆಸ್ಟಿಗೆ ಕಟ್ಟುವ ‘ಸೀಟು’ಗಳಿಗೆ ದುಡ್ಡು ಹಾಕಬೇಡಿ. ಚಿಪ್ಪೇ ಇಲ್ಲದ ಮೇಲೆ ಹೊಡೆತ ಹಂಚಿಹೋಗುವುದು ಎಲ್ಲಿಂದ?

ಐಸೋಫಿಕ್ಸ್ ಎಂದರೆ ಬೆಲ್ಟಿಲ್ಲದೆ ಕಾರ್ ಸೀಟನ್ನು ನೇರ ಸಿಕ್ಕಿಸಲು ಕಾರಿನಲ್ಲೇ ಕೂರಿಸಿರುವ ಕೊಂಡಿ. ನಿಮ್ಮ ಕಾರಿನಲ್ಲಿ ಅದು ಇದೆಯೇ ಎಂದು ನೋಡಲು ಹಿಂದಿನ ಸೀಟಿನ ದಿಂಬು ಮತ್ತು ಬೆನ್ನು ಕೂಡುವ ಸಂದಿಯಲ್ಲಿ ಬೆರಳು ತೂರಿಸಿ. ಪೆನ್ಸಿಲ್ ದಪ್ಪದ, 6 ಮಿ.ಮೀ. ಉಕ್ಕಿನ ಎರಡು ಸರಳುಗಳು 28 ಸೆಂ.ಮೀ. ಅಂತರದಲ್ಲಿ ಕೈಗೆ ಸಿಗಬೇಕು. ಸಿಗದಿದ್ದರೆ ಹೆದರಬೇಡಿ. ಐಸೋಫಿಕ್ಸಿನ ದೊಡ್ಡ ಲಾಭವೆಂದರೆ ತಪ್ಪು ಕಡಿಮೆಯಾಗುವುದು. ಬೆಲ್ಟಿನಿಂದ ಸರಿಯಾಗಿ ಬಿಗಿದ ಸೀಟೂ ಕಾಪಾಡುತ್ತದೆ. ಐಸೋಫಿಕ್ಸ್ ಇದ್ದವರಿಗೆ ಒಂದು ಎಚ್ಚರಿಕೆ: ಬುಡದ ಎರಡು ಕೊಂಡಿ ಮಾತ್ರ ಸಿಕ್ಕಿಸಿದರೆ ಸೀಟು ಮುಂದಕ್ಕೆ ವಾಲುತ್ತದೆ. ಅದನ್ನು ತಡೆಯಲು ಮೇಲಿನಿಂದ ಹಿಂದಕ್ಕೆ ಬಿಗಿಯುವ ಟಾಪ್ ಟೆದರ್ ಪಟ್ಟಿ ಅಥವಾ ನೆಲಕ್ಕೆ ಊರುವ ಕಾಲು ಇರುತ್ತದೆ. ಟೆದರನ್ನು ಡಿಕ್ಕಿಯಲ್ಲಿ ಸಾಮಾನು ಕಟ್ಟುವ ಕೊಂಡಿಗೆ ಹಾಕುವುದು ಸಾಮಾನ್ಯ ತಪ್ಪು. ಟೆದರಿನ ಕೊಂಡಿ ಯಾವುದೆಂದು ಕಾರಿನ ಕೈಪಿಡಿಯಲ್ಲಿ ನೋಡಿಕೊಳ್ಳಿ.

ಕೂರಿಸುವ ಜಾಗ ಹಿಂದಿನ ಸೀಟು, ಎಡಬದಿ. ನಾವು ರಸ್ತೆಯ ಎಡಕ್ಕೆ ನಿಲ್ಲಿಸುವುದರಿಂದ ಮಗುವನ್ನು ಏರಿಸಿ ಇಳಿಸುವುದು ವಾಹನಗಳ ಕಡೆಗಲ್ಲ, ಫುಟ್‌ಪಾತಿನ ಕಡೆಗೆ. ನಡುವಿನ ಜಾಗ ಒಳ್ಳೆಯದೇ, ಆದರೆ ಹಳೆಯ ಕಾರುಗಳಲ್ಲಿ ಅಲ್ಲಿ ಬರೀ ಸೊಂಟದ ಬೆಲ್ಟ್ ಇರುತ್ತದೆ, ಹೆಚ್ಚಿನ ಸೀಟುಗಳಿಗೆ ಹೆಗಲ ಬೆಲ್ಟೂ ಬೇಕು. ಚಾಲಕರ ಪಕ್ಕದ ಸೀಟಿನಲ್ಲಿ ಏರ್‌ಬ್ಯಾಗ್ ಇದ್ದರೆ ಹಿಂದಕ್ಕೆ ಮುಖವಿರುವ ಸೀಟನ್ನು ಅಲ್ಲಿ ಎಂದೂ ಇಡಬೇಡಿ. ಕಣ್ಣು ಮಿಟುಕಿಸುವುದರೊಳಗೆ ಉಬ್ಬುವ ಆ ಚೀಲ ನೇರ ಚಿಪ್ಪಿನ ಬೆನ್ನಿಗೆ, ಮಗುವಿನ ತಲೆಯ ಹಿಂಬದಿಗೇ ಹೊಡೆಯುತ್ತದೆ. ಸನ್‌ವೈಸರ್ ಮೇಲೆ ಅಂಟಿಸಿರುವ ಚಿತ್ರ ಹೇಳುತ್ತಿರುವುದು ಇದನ್ನೇ.

ಬಿಗಿಯುವ ಮೊದಲು ರೆಕ್ಸಿನ್ ಸೀಟ್ ಕವರ್ ತೆಗೆಯಿರಿ. ಎಷ್ಟೋ ಕಾರುಗಳಲ್ಲಿ ಹಿಂದಿನ ಬಕಲ್‌ಗಳು ಅದರಡಿ ಹೂತುಹೋಗಿರುತ್ತವೆ. ದಪ್ಪ ಕವರಿನ ಮೇಲೆ ಕಾರ್ ಸೀಟು ಜಾರುತ್ತದೆ, ಇವತ್ತು ಬಿಗಿದದ್ದು ನಾಳೆ ಸಡಿಲ. ಆಮೇಲೆ ಸೀಟಿನ ಪಕ್ಕದ ಬಣ್ಣದ ಗುರುತು ನೋಡಿ. ಆರ್44 ಸೀಟುಗಳಲ್ಲಿ ಹಿಂದಕ್ಕೆ ಮುಖವಿದ್ದರೆ ನೀಲಿ ದಾರಿ, ಮುಂದಕ್ಕಿದ್ದರೆ ಕೆಂಪು. ಬೆಲ್ಟನ್ನು ನೀಲಿ ಗುರುತಿನೊಳಗೆ ತಿರುಚದಂತೆ ಹಾಯಿಸಿ ಬಕಲ್ ಹಾಕಿ. ಒಂದು ಮೊಣಕಾಲು ಸೀಟಿನೊಳಗೆ ಊರಿ ಭಾರ ಬಿಡಿ, ಮೊದಲು ಸೊಂಟದ ಪಟ್ಟಿಯ ಸಡಿಲವನ್ನೆಲ್ಲ ಹೆಗಲ ಪಟ್ಟಿಯ ಕಡೆಗೆ ಎಳೆದು, ಅದು ರೀಲಿನೊಳಗೆ ಹೋಗಲು ಬಿಡಿ. ಪರೀಕ್ಷೆ ಮಾಡುವಾಗ ಬೆಲ್ಟ್ ಹಾಯ್ದಿರುವ ಜಾಗದಲ್ಲೇ ಹಿಡಿದು, ಕೈಕುಲುಕುವಷ್ಟು ಬಲದಿಂದ ಅಲ್ಲಾಡಿಸಿ. 2.5 ಸೆಂ.ಮೀ.ಗಿಂತ ಹೆಚ್ಚು ಸರಿದರೆ ಬಿಚ್ಚಿ ಮತ್ತೆ ಬಿಗಿಯಿರಿ. ಮೇಲಿನ ಅಂಚು ಕಾರಿನ ಸೀಟಿನ ಬೆನ್ನಿನ ಕಡೆಗೆ ಸ್ವಲ್ಪ ಓಲಾಡುವುದು ಸಹಜ, ಅದನ್ನು ನೋಡಿ ಗಾಬರಿಯಾಗಬೇಡಿ. ಇನ್ನೊಂದು ತೊಡಕಿದೆ. ಕೆಲವು ಕಾರುಗಳಲ್ಲಿ ಬಕಲಿನ ಕಾಂಡ ಉದ್ದ. ಬಕಲ್ ಬಂದು ಕಾರ್ ಸೀಟಿನ ಅಂಚಿನ ಮೇಲೆ ಮಡಚಿ ಕೂರುತ್ತದೆ. ಹೊಡೆತಕ್ಕೆ ಆ ಅಂಚೇ ಬಕಲನ್ನು ಒಡೆಯಬಹುದು. ಹಾಗಾದರೆ ಆ ಸೀಟು ಆ ಜಾಗಕ್ಕೆ ಆಗುವುದಿಲ್ಲ. ಚಿಕ್ಕ ಹ್ಯಾಚ್‌ಬ್ಯಾಕ್‌ಗಳಲ್ಲಿ ಹಿಂದಿನ ಬೆಲ್ಟಿನ ಉದ್ದವೇ ಸಾಲದೆ ಹೋಗುವುದೂ ಉಂಟು. ಹಾಗಾಗಿ ದುಡ್ಡು ಕೊಡುವ ಮೊದಲು ಅಂಗಡಿಯ ಮುಂದೆಯೇ ನಿಮ್ಮ ಕಾರಿನಲ್ಲಿ ಕೂರಿಸಿ ನೋಡಿ.

ಮಗುವನ್ನು ಕೂರಿಸುವಾಗ ಸ್ವೆಟರ್, ದಪ್ಪ ಜಾಕೆಟ್ ತೆಗೆಯಬೇಕು. ಉಣ್ಣೆಯೊಳಗಿನ ಗಾಳಿಯೆಲ್ಲ ಅಪಘಾತದಲ್ಲಿ ಹಿಸುಕಿಹೋಗಿ, ಬಿಗಿಯಾಗಿ ಕಂಡಿದ್ದ ಪಟ್ಟಿ ಎರಡು ಬೆರಳು ಸಡಿಲವಾಗುತ್ತದೆ. ಚಳಿಯಾದರೆ ಪಟ್ಟಿ ಬಿಗಿದ ಮೇಲೆ ದುಪ್ಪಟಿ ಹೊದಿಸಿ. ಕುಂಡಿ ಹಿಂದಕ್ಕೆ ಅಂಟಿರಲಿ. ಹಿಂದಕ್ಕೆ ಮುಖವಿದ್ದಾಗ ಹೆಗಲ ಪಟ್ಟಿ ಹೊರಬರುವ ಸೀಳು ಹೆಗಲ ಮಟ್ಟದಲ್ಲಿ ಅಥವಾ ಒಂದಿಷ್ಟು ಕೆಳಗಿರಬೇಕು. ಮುಂದಕ್ಕೆ ತಿರುಗಿಸುವ ಕಾಲ ಬಂದಾಗ ಹೆಗಲ ಮಟ್ಟದಲ್ಲಿ ಅಥವಾ ಮೇಲೆ. ಮೊದಲು ತೊಡೆಯ ಕಡೆಯ ಸಡಿಲ ಎಳೆದು ಆಮೇಲೆ ಹೆಗಲಿನದು ಬಿಗಿಯಿರಿ. ಈಗ ಕತ್ತಿನ ಕೆಳಗೆ, ಕಾಲರ್ ಎಲುಬಿನ ಹತ್ತಿರ, ಪಟ್ಟಿಯನ್ನು ಹೆಬ್ಬೆರಳು ತೋರುಬೆರಳಿನಿಂದ ಚಿವುಟಿ ನೋಡಿ. ಮಡಿಕೆ ಬೆರಳಿಗೆ ಸಿಕ್ಕಿತೆಂದರೆ ಸಡಿಲ ಎಂದೇ ಅರ್ಥ. ಬೆರಳು ಜಾರಿಹೋದರೆ ಸರಿಯಾಗಿದೆ. ಇದೊಂದು ಚಿವುಟು ಪರೀಕ್ಷೆಯನ್ನು ಪ್ರತಿ ಸಲವೂ ಮಾಡಿ. ಕಾರಿಗೆ ಸೀಟು ಬಿಗಿಯುವುದು ಒಂದು ದಿನದ ಕೆಲಸ, ಸೀಟಿಗೆ ಮಗುವನ್ನು ಬಿಗಿಯುವುದು ನಿತ್ಯದ್ದು. ಸಡಿಲ ಉಳಿಯುವುದು ಇಲ್ಲೇ ಹೆಚ್ಚು.

ಮಗನ ವಿಷಯ ಇದಕ್ಕಿಂತ ತುರ್ತಿನದು, ಏಕೆಂದರೆ ಅವನು ಬೆಲ್ಟ್ ಹಾಕಿದ್ದಾನೆಂದು ಎಲ್ಲರೂ ನಿಶ್ಚಿಂತರಾಗಿದ್ದೀರಿ. ಕಂಕುಳ ಕೆಳಗಿನ ಬೆಲ್ಟು ಹೆಗಲನ್ನು ಹಿಡಿಯುವುದಿಲ್ಲ, ಪಕ್ಕೆಲುಬಿನ ಕೆಳತುದಿಯನ್ನು ಒತ್ತುತ್ತದೆ. ಅದರ ಒಳಗೆ ಒಂದು ಪಕ್ಕ ಯಕೃತ್ತು, ಇನ್ನೊಂದು ಪಕ್ಕ ಗುಲ್ಮ. ಎರಡೂ ರಕ್ತ ತುಂಬಿದ ಅಂಗಗಳು. ಮೇಲಿನ ಮೈಗೆ ತಡೆಯಿಲ್ಲದೆ ತಲೆ ಮುಂದಿನ ಸೀಟಿಗೆ ಹೋಗಿ ಬಡಿಯುತ್ತದೆ. ಇನ್ನು ಸೊಂಟದ ಪಟ್ಟಿ. ದೊಡ್ಡವರ ಸೊಂಟದ ಮೂಳೆಯ ಮುಂಭಾಗದಲ್ಲಿ ಬೆಲ್ಟು ಸಿಕ್ಕಿಕೊಳ್ಳುವಂಥ ಒಂದು ಉಬ್ಬಿದೆ. ಮಕ್ಕಳಲ್ಲಿ ಅದು ಸರಿಯಾಗಿ ಮೂಡುವುದು ಸುಮಾರು ಹತ್ತು ವರ್ಷಕ್ಕೆ. ಅಲ್ಲಿಯವರೆಗೆ ಬೆಲ್ಟು ಮೇಲಕ್ಕೆ ಜಾರಿ ಮೆತ್ತನೆಯ ಹೊಟ್ಟೆಗೆ ಹೋಗುತ್ತದೆ, ಕರುಳು ಮತ್ತು ಬೆನ್ನೆಲುಬಿಗೆ ಪೆಟ್ಟಾಗುತ್ತದೆ. ಕಾಲು ನೆಲಕ್ಕೆ ಎಟುಕದ ಮಗು ಆರಾಮಕ್ಕೆಂದು ಕುಂಡಿಯನ್ನು ಮುಂದೆ ಜಾರಿಸಿ ಕೂತಾಗಲಂತೂ ಇದು ಖಚಿತ.

ಅವನಿಗೆ ಬೇಕಾದ್ದು ಬೆನ್ನಿರುವ ಬೂಸ್ಟರ್, 15ರಿಂದ 36 ಕೆ.ಜಿ. ವ್ಯಾಪ್ತಿಯದು. ಬೆನ್ನಿಲ್ಲದ ಬರೀ ಮಣೆಯಂಥ ಬೂಸ್ಟರ್‌ಗಳಿಗೆ ಯುರೋಪಿನ ನಿಯಮ ಈಗ 125 ಸೆಂ.ಮೀ. ದಾಟಿದ ಮಕ್ಕಳಿಗೆ ಮಾತ್ರ ಹೊಸ ಅನುಮತಿ ಕೊಡುತ್ತದೆ, ನಿಮ್ಮವನು 118. ಬೂಸ್ಟರ್ ಮಗುವನ್ನು ಮೇಲೆತ್ತುತ್ತದೆ, ಅಷ್ಟೇ. ಕಟ್ಟುವುದು ಕಾರಿನ ಬೆಲ್ಟೇ. ಸೊಂಟದ ಪಟ್ಟಿ ತೊಡೆ ಶುರುವಾಗುವಲ್ಲಿ ತಗ್ಗಾಗಿ, ಹೆಗಲ ಪಟ್ಟಿ ಕತ್ತಿಗೂ ತೋಳಿಗೂ ನಡುವೆ ಹೆಗಲ ಮಧ್ಯದಲ್ಲಿ ಬಂದರೆ ಸರಿ. ಕತ್ತಿಗೆ ಉಜ್ಜುವುದು ನಿಂತರೆ ಕಂಕುಳಿಗೆ ಸಿಕ್ಕಿಸುವ ಚಟವೂ ತಾನಾಗಿ ಬಿಡುತ್ತದೆ.

ಬೂಸ್ಟರ್ ಬಿಡುವುದು ವಯಸ್ಸು ನೋಡಿ ಅಲ್ಲ. ಸುಮಾರು 145 ಸೆಂ.ಮೀ. ಎತ್ತರ ಬಂದಾಗ ಹೀಗೆ ನೋಡಿ: ಬೆನ್ನು ಪೂರ್ತಿ ಒರಗಿದಾಗ ಮೊಣಕಾಲು ಸೀಟಿನ ಅಂಚಿನಲ್ಲಿ ಮಡಚಬೇಕು, ಪಾದ ನೆಲ ಮುಟ್ಟಬೇಕು, ಬೆಲ್ಟು ಎರಡೂ ಕಡೆ ಮೂಳೆಯ ಮೇಲಿರಬೇಕು, ನಿದ್ದೆ ಬಂದರೂ ಹಾಗೆಯೇ ಕೂತಿರಬೇಕು. ಒಂದು ಕಾರಿನಲ್ಲಿ ಸರಿಹೋಗಿ ಇನ್ನೊಂದರಲ್ಲಿ ಹೋಗದಿರಬಹುದು.

ಹಿಂದಿನ ಸೀಟಿನಲ್ಲಿ ಎರಡು ಸೀಟಿಟ್ಟರೆ ನಡುವೆ ದೊಡ್ಡವರೊಬ್ಬರು ಹಿಡಿಸುತ್ತಾರೆಯೇ? ಹ್ಯಾಚ್‌ಬ್ಯಾಕಿನಲ್ಲಿ ಇದೇ ನಿಜವಾದ ಕಷ್ಟ. ಹೊರಡುವ ಹಿಂದಿನ ದಿನ ಮನೆಯ ಮುಂದೆ ಎಲ್ಲರೂ ಕೂತು ನೋಡಿ. ಅತ್ತೆಯವರು ಮುಂದೆ, ನೀವು ಸೀಟುಗಳ ನಡುವೆ. ನಿಮ್ಮ ಬಕಲೂ ಮಗನ ಬಕಲೂ ಬೂಸ್ಟರಿನಡಿ ಸಿಕ್ಕದೆ ಟಕ್ಕೆಂದು ಕೂರಬೇಕು. ಆಗಲಿಲ್ಲವೆಂದರೆ, ಕಾರಿನ ಕೈಪಿಡಿ ಒಪ್ಪಿದರೆ, ಮಗನನ್ನು ಬೂಸ್ಟರ್ ಸಮೇತ ಮುಂದೆ ಕೂರಿಸಿ ಆ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ. ಇದು ಬೇರೆ ದಾರಿಯಿಲ್ಲದಾಗ ಮಾತ್ರ. ಮಗಳ ಜಾಗ ಯಾವ ಕಾರಣಕ್ಕೂ ಮುಂದೆ ಬರಕೂಡದು.

ಅಣ್ಣನ ಸೀಟಿಗೆ ಬರೋಣ. ಸೀಟಿನ ಚರಿತ್ರೆ ಗೊತ್ತಿರುವುದು ಅದರ ದೊಡ್ಡ ಗುಣ. ಅಪಘಾತ ಕಂಡಿಲ್ಲವೇ, ಚಿಪ್ಪಿನ ಹಿಂದೆ ಅಚ್ಚೊತ್ತಿರುವ ತಯಾರಿ ದಿನಾಂಕದಿಂದ ಅವಧಿ ಮೀರಿಲ್ಲವೇ ಎಂದು ಕೇಳಿ. ಅವಧಿ ಸಾಮಾನ್ಯವಾಗಿ 6ರಿಂದ 10 ವರ್ಷ. ಕೈಪಿಡಿಯನ್ನೂ ತರಲು ಹೇಳಿ. ಅಲ್ಲಿನ ಸೀಟುಗಳಲ್ಲಿ ಹಿಂದಕ್ಕೆ ಮುಖ ಮಾಡಿ ಕೂರಿಸುವ ಮಿತಿ ಹೆಚ್ಚಾಗಿ 18 ಕೆ.ಜಿ.; ನಿಮ್ಮ ಮಗಳಿಗೆ ಅದು ಇನ್ನೂ ಕೆಲವು ವರ್ಷ ಆಗುತ್ತದೆ. ಅವುಗಳ ಪಟ್ಟಿಯ ಕೊಂಡಿಗಳು ಐಸೋಫಿಕ್ಸ್ ಸರಳಿಗೂ ಹಿಡಿಯುತ್ತವೆ. ಎದೆಯ ಮೇಲೆ ಬರುವ ಕ್ಲಿಪ್ ಕಂಕುಳ ಮಟ್ಟದಲ್ಲಿರಬೇಕು, ಹೊಟ್ಟೆಯ ಮೇಲಲ್ಲ.

ಬೆಲ್ಟಿನಿಂದ ಬಿಗಿಯುವಾಗ ಒಂದು ತೊಂದರೆ ಎದುರಾಗುತ್ತದೆ. ಅಮೆರಿಕದ ಕಾರುಗಳ ಹಿಂದಿನ ಬೆಲ್ಟನ್ನು ಪೂರ್ತಿ ಹೊರಗೆಳೆದು ಬಿಟ್ಟರೆ ಟಿಕ್ ಟಿಕ್ ಎನ್ನುತ್ತ ಒಳಹೋಗಿ, ಮತ್ತೆ ಸಡಿಲವಾಗದಂತೆ ಲಾಕ್ ಆಗುತ್ತದೆ. ನಮ್ಮಲ್ಲಿ ಹೆಚ್ಚಿನವು ಹಾಗಲ್ಲ, ಜೋರಾಗಿ ಬ್ರೇಕ್ ಒತ್ತಿದಾಗ ಅಥವಾ ಬೆಲ್ಟನ್ನು ತಟ್ಟನೆ ಜಗ್ಗಿದಾಗ ಮಾತ್ರ ಹಿಡಿಯುತ್ತವೆ, ಉಳಿದ ಹೊತ್ತು ಸರಾಗ ಓಡಾಡುತ್ತವೆ. ನಿಮ್ಮ ಬೆಲ್ಟನ್ನು ನಿಧಾನವಾಗಿ ಪೂರ್ತಿ ಹೊರಗೆಳೆದು ಪರೀಕ್ಷಿಸಿ. ಲಾಕ್ ಆಗದಿದ್ದರೆ ಸೀಟಿನಲ್ಲೇ ಬೆಲ್ಟ್ ಕಚ್ಚಿ ಹಿಡಿಯುವ ಪಟ್ಟು ಇದೆಯೇ ನೋಡಿ. ಅದೂ ಇಲ್ಲದಿದ್ದರೆ, ಸೀಟಿನ ಕೈಪಿಡಿ ಒಪ್ಪಿದರೆ, ‘ಲಾಕಿಂಗ್ ಕ್ಲಿಪ್’ ಎಂಬ ಚಪ್ಪಟೆ ಲೋಹದ ತುಂಡನ್ನು ಅಣ್ಣನಿಂದಲೇ ತರಿಸಿ. ಬಕಲಿಗೆ ಹೋಗುವ ನಾಲಗೆಯಿಂದ 2.5 ಸೆಂ.ಮೀ. ಒಳಗೆ, ಸೊಂಟದ ಪಟ್ಟಿ ಮತ್ತು ಹೆಗಲ ಪಟ್ಟಿ ಎರಡನ್ನೂ ಸೇರಿಸಿ ಅದರಲ್ಲಿ ಪೋಣಿಸಬೇಕು. ಮಗಳು ದೊಡ್ಡವಳಾಗಿ ಮುಂದಕ್ಕೆ ತಿರುಗಿದ ಮೇಲೆ ಈ ಸೀಟಿನ ಟೆದರ್ ಪಟ್ಟಿಗೂ ಕಾರಿನಲ್ಲಿ ಕೊಂಡಿ ಬೇಕು. ನಿಮ್ಮ ಹಳೆಯ ಕಾರಿನಲ್ಲಿ ಅದು ಇದೆಯೇ ಎಂದು ಈಗಲೇ ನೋಡಿಡಿ.

ಅತ್ತೆಯವರಿಗೂ ಬೆಲ್ಟ್ ಕಡ್ಡಾಯ, ಮುಂದೆ ಕೂರಲಿ ಹಿಂದೆ ಕೂರಲಿ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡ ಅಪಘಾತದಲ್ಲಿ ಮುಂದಿದ್ದ ಇಬ್ಬರು ಬದುಕಿದರು, ಹಿಂದಿದ್ದ ಇಬ್ಬರು ಉಳಿಯಲಿಲ್ಲ. ಹಿಂದಿದ್ದವರು ಬೆಲ್ಟ್ ಹಾಕಿರಲಿಲ್ಲವೆಂದು ಪೊಲೀಸರು ಹೇಳಿದ್ದರು. ಸೀರೆಯುಟ್ಟವರು ಸೊಂಟದ ಪಟ್ಟಿಯನ್ನು ನೆರಿಗೆ ಸಿಕ್ಕಿಸಿದ ಜಾಗದ ಮೇಲಲ್ಲ, ಅದಕ್ಕೂ ಕೆಳಗೆ ತೊಡೆಯ ಬುಡದಲ್ಲಿ ಹಾಯಿಸಬೇಕು. ಸೆರಗಿನ ದಪ್ಪ ಮಡಿಕೆಗಳನ್ನು ಪಕ್ಕಕ್ಕೆ ಸರಿಸಿ ಹೆಗಲ ಪಟ್ಟಿ ಎಳೆದುಕೊಳ್ಳಲಿ. ಬೆಲ್ಟಿನ ಬೀಪ್ ಸದ್ದು ನಿಲ್ಲಿಸಲು ಬಕಲಿಗೆ ತುರುಕುವ ಸುಳ್ಳು ಕ್ಲಿಪ್ ಕಾರಿನಲ್ಲಿದ್ದರೆ ಎಸೆದುಬಿಡಿ. ಅವುಗಳ ಆನ್‌ಲೈನ್ ಮಾರಾಟ ನಿಲ್ಲಿಸುವಂತೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರಲ್ಲಿ ಆದೇಶಿಸಿದೆ.

ಹುಬ್ಬಳ್ಳಿಯಿಂದ ಬೆಂಗಳೂರಿಗೆ 400 ಕಿ.ಮೀ. ಚಿಲ್ಲರೆ ದಾರಿ. 14 ತಿಂಗಳ ಮಗು ಅಷ್ಟು ಹೊತ್ತು ಅಳದೆ ಕೂರುವುದಿಲ್ಲ, ಕೂರಬೇಕೆಂದೂ ಇಲ್ಲ. ಒಂದೂವರೆ, ಎರಡು ತಾಸಿಗೊಮ್ಮೆ ನಿಲ್ಲಿಸುವ ಲೆಕ್ಕದಲ್ಲಿ ಹೊರಡಿ: ದಾವಣಗೆರೆಯಲ್ಲಿ ದೋಸೆಗೆ ಹೇಗೂ ನಿಲ್ಲುತ್ತೀರಿ, ಅಲ್ಲಿಂದ ಹಿರಿಯೂರು, ಆಮೇಲೆ ತುಮಕೂರು. ಅಳು ಜೋರಾದರೆ ಮುಂದಿನ ಪೆಟ್ರೋಲ್ ಬಂಕಿನವರೆಗೆ ತಾಳಿ, ಕಾರು ನಿಲ್ಲಿಸಿ, ಆಮೇಲೆ ಎತ್ತಿಕೊಳ್ಳಿ. ಓಡುವ ಕಾರಿನಲ್ಲಿ ‘ಒಂದೈದು ನಿಮಿಷ’ ಎಂದು ಪಟ್ಟಿ ಬಿಚ್ಚಿ ಹಾಲೂಡಿಸುವುದು ಬೇಡ. ಒಂದು ಸಲ ಎತ್ತಿಕೊಂಡರೆ, ಅತ್ತರೆ ಎತ್ತಿಕೊಳ್ಳುತ್ತಾರೆಂದು ಮಗುವೂ ಕಲಿಯುತ್ತದೆ. ಊರೊಳಗಿನ ಹತ್ತು ನಿಮಿಷದ ಓಡಾಟಕ್ಕೂ ಸೀಟಿನಲ್ಲೇ ಕೂರಿಸುತ್ತ ಬಂದರೆ ಎರಡು ಮೂರು ವಾರದಲ್ಲಿ ರೂಢಿಯಾಗುತ್ತದೆ.

ಬಿಸಿಲಿನಲ್ಲಿ ನಿಲ್ಲಿಸುವಾಗ ಸೀಟಿನ ಮೇಲೊಂದು ಬಿಳಿ ಪಂಚೆ ಹೊದಿಸಿಡಿ. ಕೂರಿಸುವ ಮುನ್ನ ಬಕಲಿನ ಲೋಹಕ್ಕೆ ಮುಂಗೈ ತಾಗಿಸಿ ನೋಡಿ, ತೊಡೆ ಸುಡುವಷ್ಟು ಕಾದಿರುತ್ತದೆ. ಬಿಸ್ಕತ್ತಿನ ಪುಡಿ, ಹಾಲು ಸೇರಿ ಬಕಲ್ ಕೂರದಂತಾದರೆ ಎಣ್ಣೆ ಬಿಡಬೇಡಿ. ಕೈಪಿಡಿಯಲ್ಲಿ ಹೇಳಿದಂತೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಅಲುಗಾಡಿಸಿ ಒಣಗಿಸಿ. ಪಟ್ಟಿಗಳನ್ನು ಸೋಪಿನಲ್ಲಿ ನೆನೆಸಿ ಉಜ್ಜಿದರೆ ಎಳೆ ಬಲ ಕಳೆದುಕೊಳ್ಳುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ದೊಡ್ಡ ಅಪಘಾತ ಕಂಡ ಸೀಟು ಹೊರಗೆ ಚೆನ್ನಾಗಿ ಕಂಡರೂ ಚಿಪ್ಪಿನೊಳಗೆ ಬಿರುಕು ಬಿಟ್ಟಿರಬಹುದು, ಅದನ್ನು ಮತ್ತೆ ಬಳಸಬೇಡಿ. ಗುಜರಿಗೆ ಹಾಕುವ ಮೊದಲು ಪಟ್ಟಿಗಳನ್ನು ಕತ್ತರಿಸಿ, ಇಲ್ಲದಿದ್ದರೆ ಬೇರೆ ಯಾರೋ ಅದನ್ನು ಒಯ್ದು ತಮ್ಮ ಮಗುವನ್ನು ಕೂರಿಸುತ್ತಾರೆ.